ಎರಡನೇ ಡಿಕಾಕ್ಷನ್

ಬೆಂಗಳೂರಿನಿಂದ ಹಾಸನದ ಕಡೆ ಹೊರಟರೆ ನೆಲಮಂಗಲ ದಾಟುತ್ತಲೇ ಕಾಫಿ ಹೋಟೆಲುಗಳ ಬೋರ್ಡು ಶುರುವಾಗುತ್ತವೆ. ಹಿತ್ತಾಳೆ ಲೋಟ, ಲೋಟದ ಮೇಲೆ ಹಬೆ, ಕೆಳಗೆ ದೊಡ್ಡಕ್ಷರದಲ್ಲಿ ‘ಅಜ್ಜಿ ಕಾಲದ ರುಚಿ’. ಬೋರ್ಡು ಬರೆಸಿದವರ ಅಜ್ಜಿಯ ವಿಷಯ ನನಗೆ ಗೊತ್ತಿಲ್ಲ. ನನ್ನ ಅಜ್ಜಿಗಂತೂ ಮದುವೆಯಾಗುವವರೆಗೆ ಕಾಫಿಯ ಪರಿಚಯವೇ ಇರಲಿಲ್ಲ. ಹೊಳೆನರಸೀಪುರದ ಕಡೆಯ ಹಳ್ಳಿಯವಳು. ಬೆಳಗ್ಗೆ ಎದ್ದರೆ ರಾಗಿ ಗಂಜಿ, ಇಲ್ಲವೇ ರಾತ್ರಿ ಉಳಿದ ಅನ್ನಕ್ಕೆ ಮಜ್ಜಿಗೆ. ಸೊಸೆಯಾಗಿ ಹಾಸನಕ್ಕೆ ಬಂದಮೇಲೆ ಕಾಫಿಯನ್ನು ಕಣ್ಣಲ್ಲಿ ಕಂಡಳು. ಬಾಯಿಗೆ ಬಿದ್ದದ್ದು ಆಮೇಲೆ, ಒಂದೆರಡು ಹೆತ್ತು ಮನೆಯಲ್ಲಿ ತಕ್ಕಮಟ್ಟಿಗೆ ಬೇರು ಬಿಟ್ಟಮೇಲೆ. ಅಲ್ಲಿಯವರೆಗೆ ಅದು ಗಂಡಸರ ಕುಡಿತ.

ಕಾಫಿಯ ಹುಟ್ಟಿನ ಮಾತು ಬಂದರೆ ನಮ್ಮ ಕಡೆ ಬಾಬಾ ಬುಡನ್ ಅವರ ಹೆಸರಿಲ್ಲದೆ ಮಾತು ಮುಂದಕ್ಕೆ ಹೋಗುವುದಿಲ್ಲ. ಹದಿನೇಳನೇ ಶತಮಾನದಲ್ಲಿ ಹಜ್ ಮುಗಿಸಿ ಬರುವಾಗ ಯೆಮನ್ನಿನ ಮೋಖಾದಿಂದ ಏಳು ಬೀಜ ಬಚ್ಚಿಟ್ಟುಕೊಂಡು ತಂದು ಚಂದ್ರದ್ರೋಣದಲ್ಲಿ ಊರಿದರು ಎನ್ನುವುದು ಐತಿಹ್ಯ. ಒಳ್ಳೆಯ ಕಥೆ, ಇರಲಿ. ಆದರೆ ಬೆಟ್ಟದ ಮೇಲಿನ ಗಿಡ ನಮ್ಮ ಅಡುಗೆಮನೆಯ ಲೋಟಕ್ಕೆ ಇಳಿಯುವುದಕ್ಕೆ ಮತ್ತೆ ಇನ್ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಹತ್ತೊಂಬತ್ತನೇ ಶತಮಾನದಲ್ಲಿ ದೊರೆಗಳು ಕಾಡು ಕಡಿದು ಎಸ್ಟೇಟು ಮಾಡಿದರು. ಬೀಜ ಘಾಟಿ ಇಳಿದು ಮಂಗಳೂರಿಗೆ ಹೋಯಿತು, ಅಲ್ಲಿಂದ ಹಡಗು ಹತ್ತಿತು. ಸಕಲೇಶಪುರದವರೋ ಮೂಡಿಗೆರೆಯವರೋ ಕುಡಿಯಲಿ ಎಂದು ಯಾರೂ ಕಾಫಿ ಬೆಳೆಯಲಿಲ್ಲ.

ಮೈಸೂರು, ಬೆಂಗಳೂರು, ಮದರಾಸಿನ ಪೇಟೆಯವರು, ಓದಿದವರು, ಕಚೇರಿ ನೌಕರರು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲೇ ಅದರ ರುಚಿ ಹತ್ತಿಸಿಕೊಂಡಿದ್ದರು, ನಿಜ. ಆದರೆ ಎಲ್ಲರಿಗೂ ಹತ್ತಿಸಬೇಕು ಎಂದು ಯಾರಾದರೂ ಹಟ ಹಿಡಿದಿದ್ದರೆ ಅದು ಬೆಲೆ ಕುಸಿದಮೇಲೆ. 1930ರ ದಶಕದ ಮುಗ್ಗಟ್ಟಿನಲ್ಲಿ ಕಾಫಿ ಕೇಳುವವರಿಲ್ಲದಾಗ 1935ರಲ್ಲಿ ಕಾಫಿ ಸೆಸ್ ಸಮಿತಿ ಹುಟ್ಟಿತು. ಊರಿನವರೇ ಹೆಚ್ಚು ಕುಡಿದರೆ ಬೆಳೆಗಾರ ಬದುಕುತ್ತಾನೆ ಎಂಬ ಲೆಕ್ಕದಲ್ಲಿ 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಅಷ್ಟರಲ್ಲಿ ಯುದ್ಧ ಬಂದು ಯೂರೋಪಿನ ಗಿರಾಕಿಗಳು ಕೈತಪ್ಪಿದರು. 1942ರ ಕಾಯ್ದೆ ಬಂತು, ಕಾಫಿ ಬೋರ್ಡು ಬಂತು. ನಮ್ಮ ಪರಂಪರೆ ಎಂದು ಈಗ ನಾವು ಎದೆಯುಬ್ಬಿಸಿ ಹೇಳಿಕೊಳ್ಳುವುದರಲ್ಲಿ ಮಾರಾಟವಾಗದೆ ಉಳಿದ ಸರಕನ್ನು ಖರ್ಚು ಮಾಡಿಸಿದ ಪ್ರಚಾರದ ಪಾಲೂ ಇದೆ. ಇದರಿಂದ ಕಾಫಿಯ ಮರ್ಯಾದೆಗೇನೂ ಕುಂದಿಲ್ಲ.

ಫಿಲ್ಟರಿನ ವಿಷಯವೂ ಹಾಗೆಯೇ. 1800ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದ ಎರಡಂತಸ್ತಿನ ಪಾತ್ರೆಗೆ ನಮ್ಮದು ಹತ್ತಿರದ ನೆಂಟ. ಮೇಲೆ ತೂತಿನ ತಳದ ಪಾತ್ರೆ, ಕೆಳಗೆ ಹಿಡಿಯುವ ಪಾತ್ರೆ, ಅಷ್ಟೆ. ಅದಿಲ್ಲದ ಮನೆಗಳಲ್ಲಿ ಪುಡಿಯನ್ನು ನೀರಿಗೆ ಹಾಕಿ ಕುದಿಸಿ ಬಟ್ಟೆಯಲ್ಲಿ ಸೋಸುತ್ತಿದ್ದರು. ಮಲೆನಾಡಿನಲ್ಲಿ ಬೆಲ್ಲ ಹಾಕಿದ ಕರಿ ಕಾಫಿ ಹೀಗೆಯೇ ಆಗುವುದು, ಈಗಲೂ. ಅದರ ರುಚಿಯೇ ಬೇರೆ, ಅದರ ಅಭಿಮಾನಿಗಳೇ ಬೇರೆ.

ನಾನು ಕಂಡ ಫಿಲ್ಟರ್ ಎಪ್ಪತ್ತರ ದಶಕದ್ದು. ಹಾಸನದ ನಮ್ಮ ಮನೆಯಲ್ಲಿ ಹಿತ್ತಾಳೆಯದೊಂದಿತ್ತು, ಒಳಗೆ ಕಲಾಯಿ. ಕಲಾಯಿಯವನು ಊರಿಗೆ ಬರುವುದು ತಡವಾದರೆ ಡಿಕಾಕ್ಷನ್ನಿಗೆ ಕಿಲುಬಿನ ವಾಸನೆ ಹತ್ತುತ್ತಿತ್ತು. ಆಮೇಲೆ ಸ್ಟೀಲ್ ಬಂತು. ಹಿತ್ತಾಳೆಯದೇ ರುಚಿ ಎನ್ನುವವರು ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಅದನ್ನು ಉಜ್ಜಿದವರಾಗಿರುವುದಿಲ್ಲ ಎಂದು ನನ್ನ ಅನುಮಾನ. ಸ್ಟೀಲ್ ಬಂದ ದಿನ ಅಮ್ಮ ಹಿತ್ತಾಳೆ ಫಿಲ್ಟರನ್ನು ಅಟ್ಟಕ್ಕೆ ಹಾಕಿದಳು, ಮತ್ತೆ ಇಳಿಸಲಿಲ್ಲ.

ಬೀಜ ಹುರಿಯುವುದು ಹಿತ್ತಲಲ್ಲಿ, ಇದ್ದಿಲ ಒಲೆಯ ಮೇಲೆ, ಕಬ್ಬಿಣದ ಬಾಣಲೆಯಲ್ಲಿ. ಹಸಿರು ಬೂದುಬಣ್ಣದ ಬೀಜ ಮೊದಲು ಹಳದಿಗೆ ತಿರುಗುತ್ತದೆ. ಆಗ ಬರುವುದು ಹುಲ್ಲು ಬೇಯಿಸಿದ ವಾಸನೆ, ಕಾಫಿಯದಲ್ಲ. ಆಮೇಲೆ ಕಂದು, ಆಮೇಲೆ ಚಟಪಟ. ಚಟಪಟ ಶುರುವಾದಮೇಲೆ ಕೈ ನಿಲ್ಲಿಸುವಂತಿಲ್ಲ. ಒಂದು ನಿಮಿಷ ಯಾರೋ ಕರೆದರೆಂದು ತಿರುಗಿದರೆ ಅರ್ಧ ಕರಿ, ಅರ್ಧ ಹಸಿ. ನಮ್ಮ ಮನೆಯಲ್ಲಿ ಬಹುಪಾಲು ಆಗುತ್ತಿದ್ದುದು ಹಾಗೆಯೇ. ಅಮ್ಮನಿಗೆ ಒಲೆಯ ಮುಂದೆ ಒಂದೇ ಕೆಲಸವಿದ್ದ ದಿನ ಯಾವುದು? ಹುರಿದದ್ದನ್ನು ಮೊರಕ್ಕೆ ಹಾಕಿ ಹೊಟ್ಟು ಊದಿ, ಆರಿದಮೇಲೆ ಹಲಗೆಗೆ ಬಿಗಿದ ಕೈಮಿಷನ್ನಿನಲ್ಲಿ ಬೀಸುವುದು ಹುಡುಗರ ಕೆಲಸ. ಪುಡಿ ಹಾರ್ಲಿಕ್ಸ್ ಬಾಟ್ಲಿಗೆ. ವಾರ ಕಳೆಯುವಷ್ಟರಲ್ಲಿ ಪರಿಮಳವೆಲ್ಲ ಮುಚ್ಚಳ ತೆಗೆದು ಹಾಕುವ ನಡುವೆ ಹೋಗಿರುತ್ತಿತ್ತು. ಪುಡಿಯಾದ ಕಾಫಿ ಎರಡು ಮೂರು ದಿನಕ್ಕೇ ಸೊರಗುತ್ತದೆ ಎಂದು ಈಗಿನ ಹುಡುಗರು ಹೇಳುವುದು ಸರಿ. ನಾವು ಸೊರಗಿದ್ದನ್ನೇ ಕುಡಿದು ‘ಘಮಘಮ’ ಎನ್ನುತ್ತಿದ್ದೆವು.

ಆ ಪುಡಿಗೆ ಪೇಟೆಯಿಂದ ತಂದ ಚಿಕೋರಿ ಸೇರುತ್ತಿತ್ತು. ಚಿಕೋರಿ ಕಾಫಿಯ ಜಾತಿಯಲ್ಲ, ಒಂದು ಗಿಡದ ಗೆಡ್ಡೆ. ಗುಜರಾತಿನ ಕಡೆ ಬೆಳೆಯುತ್ತಾರೆ. ಕತ್ತರಿಸಿ ಒಣಗಿಸಿ ಹುರಿದರೆ ಅದರೊಳಗಿನ ಇನುಲಿನ್ ಎಂಬ ಪಿಷ್ಟದಂಥ ಪದಾರ್ಥ ಸುಟ್ಟ ಸಕ್ಕರೆಯ ಬಣ್ಣಕ್ಕೆ, ಕಹಿಗೆ ತಿರುಗುತ್ತದೆ. ಕೆಫೀನ್ ಇಲ್ಲವೇ ಇಲ್ಲ. ಆದರೆ ಬಿಸಿನೀರಿಗೆ ಕಾಫಿಗಿಂತ ಬಹಳ ಹೆಚ್ಚು ಕರಗುತ್ತದೆ. ಹಾಗಾಗಿ ಕಡಮೆ ಪುಡಿಯಲ್ಲಿ ಕಪ್ಪಗೆ, ಮಂದವಾಗಿ ಡಿಕಾಕ್ಷನ್ ಇಳಿಯುತ್ತದೆ. ಹಾಲು, ಸಕ್ಕರೆ ಎಷ್ಟು ಬಿದ್ದರೂ ಅದರ ಬಣ್ಣ ಸೋಲುವುದಿಲ್ಲ. ಫಿಲ್ಟರ್ ಕಾಫಿಯ ‘ಗಟ್ಟಿತನ’ ಎಂದು ನಾವು ಹೊಗಳುವುದರಲ್ಲಿ ಮುಕ್ಕಾಲು ಚಿಕೋರಿಯ ಗಟ್ಟಿತನ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಮೆ ಇರಕೂಡದು ಎಂದು ಕಾನೂನು. ನಮ್ಮ ಹಾರ್ಲಿಕ್ಸ್ ಬಾಟ್ಲಿಯ ಮೇಲೆ ಆ ಕಾನೂನು ಯಾವತ್ತೂ ನಡೆಯಲಿಲ್ಲ. ತಿಂಗಳ ಕೊನೆಯ ವಾರ ಯಾವುದು ಎಂದು ಕ್ಯಾಲೆಂಡರ್ ನೋಡದೆ, ಕಾಫಿ ಕುಡಿದೇ ಹೇಳಬಹುದಿತ್ತು.

ಡಿಕಾಕ್ಷನ್ ಹಾಕುವುದರಲ್ಲಿ ಅಮ್ಮನಿಗೆ ಕೈಹಿಡಿತವಿತ್ತು. ಪುಡಿಯನ್ನು ಚಮಚದ ಬೆನ್ನಿನಿಂದ ಸವರಿ, ಛತ್ರಿಯಂಥ ಬಿಲ್ಲೆಯನ್ನು ಒತ್ತದೆ ಸುಮ್ಮನೆ ಕೂರಿಸುತ್ತಿದ್ದಳು. ಒತ್ತಿದರೆ ನೀರು ಇಳಿಯುವುದಿಲ್ಲ, ಸಡಿಲ ಬಿಟ್ಟರೆ ಸುರ್ರೆಂದು ಇಳಿದು ನೀರುಕಾಫಿ. ಕುದಿ ಬಂದು ಇಳಿಸಿದ ನೀರನ್ನು ಮೊದಲು ಸ್ವಲ್ಪ ಚಿಮುಕಿಸಿ, ಪುಡಿ ಉಬ್ಬಿದಮೇಲೆ ಉಳಿದದ್ದು. ಹದಿನೈದು ಇಪ್ಪತ್ತು ನಿಮಿಷ ತೊಟ್ಟು ತೊಟ್ಟಾಗಿ. ಇಳಿಯದೆ ಮುಷ್ಕರ ಹೂಡಿದರೆ ಸೌಟಿನಿಂದ ನೆತ್ತಿಯ ಮೇಲೆ ನಾಲ್ಕು ಬಡಿತ. ಅದಕ್ಕೂ ಬಗ್ಗದಿದ್ದರೆ ತೂತು ಕಟ್ಟಿದೆ ಎಂದರ್ಥ. ಮೇಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ಬೋರಲು ಹಾಕಿ ತಳ ಕೆಂಪಗಾಗುವವರೆಗೆ ಕಾಯಿಸುತ್ತಿದ್ದಳು. ತೂತಿನಲ್ಲಿ ಕೂತ ಕಿಟ್ಟ ಕಿಡಿಕಿಡಿಯಾಗಿ ಉರಿದು ಉದುರುತ್ತಿತ್ತು. ಎತ್ತಿ ಬೆಳಕಿಗೆ ಹಿಡಿದರೆ ಒಂದೊಂದು ತೂತೂ ಚುಕ್ಕಿಯ ಹಾಗೆ ಕಾಣಬೇಕು, ಕಾಣದಿದ್ದರೆ ಮತ್ತೆ ಉರಿಗೆ.

ಮೊದಲ ಡಿಕಾಕ್ಷನ್ ಅಪ್ಪನಿಗೆ, ಬಂದವರಿಗೆ. ಅದೇ ಚರಟದ ಮೇಲೆ ಇನ್ನೊಂದು ಸಲ ಬಿಸಿನೀರು ಹೊಯ್ದು ಇಳಿಸಿದ್ದು ಎರಡನೇ ಡಿಕಾಕ್ಷನ್. ಅದು ಅಮ್ಮನಿಗೆ, ಅತ್ತೆಗೆ. ಹಬ್ಬದ ದಿನ ಹಟ ಮಾಡಿದರೆ ಹಾಲಿಗೆ ಬಣ್ಣ ಬರುವಷ್ಟು ನಮಗೂ. ಮೂರನೆಯದೂ ಇರುತ್ತಿತ್ತು. ಪಾತ್ರೆ ತೊಳೆಯಲು ಬರುತ್ತಿದ್ದವಳಿಗೆ. ಅವಳ ಅಲ್ಯೂಮಿನಿಯಂ ಲೋಟ ಹಿತ್ತಲ ಗೋಡೆಯ ಗೂಡಿನಲ್ಲಿರುತ್ತಿತ್ತು. ಅವಳು ಲೋಟ ಹಿಡಿದು ನಿಲ್ಲಬೇಕು, ಅಜ್ಜಿ ಮೇಲಿನಿಂದ ಹೊಯ್ಯಬೇಕು. ಕುಡಿದಾದಮೇಲೆ ಅವಳೇ ತೊಳೆದು ಗೂಡಿಗೆ ಬೋರಲು ಹಾಕಬೇಕು. ನಾವು ಕುಡಿದ ಅಷ್ಟೂ ಲೋಟಗಳನ್ನು ದಿನವೂ ತೊಳೆದು ಒಳಗೆ ಕೊಡುತ್ತಿದ್ದವಳೂ ಅವಳೇ. ಫಿಲ್ಟರ್ ಕಾಫಿಯ ನೆನಪು ಬರೆಯುವವರು ಹಬೆ, ನೊರೆ, ಅಪ್ಪನ ಪೇಪರು ಎಲ್ಲ ಬರೆಯುತ್ತಾರೆ. ಗೂಡಿನ ಲೋಟವನ್ನು ಬರೆದದ್ದು ಕಡಮೆ.

ಹೋಟೆಲುಗಳೇನೂ ಬೇರೆಯಾಗಿರಲಿಲ್ಲ. ಈಗ ನಾವು ಸಾಲು ನಿಂತು ದೋಸೆ ತಿನ್ನುವ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಅಂಥ ಹೆಸರು ಅದೊಂದಕ್ಕೇ ಇರಲಿಲ್ಲ, ಆ ಕಾಲದ ಊರೂರಿನಲ್ಲಿ ಇತ್ತು. ಯಾರು ಮಾಡಿದ್ದು ಎನ್ನುವುದು ರುಚಿಗಿಂತ ಮುಖ್ಯವಾಗಿದ್ದ ಕಾಲ. ಲೋಟಕ್ಕೆ ಅಂಚು ಇರುವುದು ಬೆರಳು ಸುಡದಿರಲಿ ಎಂದು ಮಾತ್ರವಲ್ಲ. ತುಟಿ ತಾಗಿಸದೆ ಎತ್ತಿ ಹೊಯ್ದುಕೊಳ್ಳುವವನಿಗೂ ಅನುಕೂಲ. ಕುದಿವ ಕಾಫಿಯನ್ನು ಹಾಗೆ ಎತ್ತಿ ಹೊಯ್ದುಕೊಳ್ಳಲು ನಮ್ಮ ದೊಡ್ಡಪ್ಪನೊಬ್ಬರಿಗೆ ಮಾತ್ರ ಬರುತ್ತಿತ್ತು, ನಾವು ಅದನ್ನು ಸರ್ಕಸ್ಸಿನಂತೆ ನೋಡುತ್ತಿದ್ದೆವು. ಇದಕ್ಕೆ ಹೋಲಿಸಿದರೆ ಕಾಫಿ ಹೌಸು ದೊಡ್ಡ ಬದಲಾವಣೆಯೇ. ಟೋಪಿ ಪಟ್ಟಿ ಕಟ್ಟಿದ ಬೇರರ್ ಯಾರ ಜಾತಿಯನ್ನೂ ಕೇಳದೆ ಕಾಫಿ ತಂದಿಡುತ್ತಿದ್ದ. ಬೋರ್ಡು ಅವನ್ನು ಮುಚ್ಚಲು ಹೊರಟಾಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಬೆಂಬಲಕ್ಕೆ ನಿಂತು, ನೌಕರರೇ ಸಹಕಾರ ಸಂಘ ಕಟ್ಟಿಕೊಂಡು ನಡೆಸತೊಡಗಿದರು. ಅಂಥ ಮೊದಲ ಸಂಘ ಆದದ್ದು ನಮ್ಮ ಬೆಂಗಳೂರಿನಲ್ಲೇ, 1957ರ ಆಗಸ್ಟಿನಲ್ಲಿ. ಎಂ.ಜಿ. ರಸ್ತೆಯ ಕಾಫಿ ಹೌಸ್ 2009ರಲ್ಲಿ ಖಾಲಿ ಮಾಡಬೇಕಾಗಿ ಬಂದು ಚರ್ಚ್ ಸ್ಟ್ರೀಟಿಗೆ ಹೋದಾಗ ಬಹಳ ಜನ ಕಣ್ಣೀರಿಟ್ಟು ಬರೆದರು. ಅಲ್ಲಿಯ ಕಾಫಿ ಅಷ್ಟೇನೂ ಚೆನ್ನಾಗಿರುತ್ತಿರಲಿಲ್ಲ ಎಂದು ಆಗ ಹೇಳುವ ಧೈರ್ಯ ನನಗಿರಲಿಲ್ಲ. ಜನ ಹೋಗುತ್ತಿದ್ದುದು ಕೂರಲು.

ಅಮ್ಮನ ಅಣ್ಣ ಸಕಲೇಶಪುರದ ಹತ್ತಿರದ ಎಸ್ಟೇಟೊಂದರಲ್ಲಿ ರೈಟರು. ನಮ್ಮ ಮನೆಗೆ ಬೀಜ ಬರುತ್ತಿದ್ದುದು ಅವರ ಟ್ರಂಕಿನಲ್ಲಿ, ಪಂಚೆಗಳ ನಡುವೆ. ಕದ್ದದ್ದಲ್ಲ, ಧಣಿಗಳೇ ಕೊಟ್ಟದ್ದು. ಆದರೂ ಬಚ್ಚಿಟ್ಟುಕೊಂಡೇ ತರಬೇಕು. ಯಾಕೆಂದರೆ ಆಗ ಬೆಳೆದವನ ಕಾಫಿ ಬೆಳೆದವನದಲ್ಲ. ಮನೆಖರ್ಚಿಗೆ, ಬಿತ್ತನೆಗೆ ಒಂದಿಷ್ಟು ಬಿಟ್ಟು ಉಳಿದದ್ದೆಲ್ಲ ಬೋರ್ಡಿನ ಪೂಲಿಗೆ ಹಾಕಬೇಕು. ಬೋರ್ಡು ಎಲ್ಲರದನ್ನೂ ಸೇರಿಸಿ ಮಾರಿ, ದುಡ್ಡನ್ನು ಕಂತಿನಲ್ಲಿ ಕೊಡುತ್ತಿತ್ತು. ಈ ವರ್ಷದ ಬೆಳೆಯ ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆ ಕಣಕ್ಕೆ ಬಂದಿರುತ್ತಿತ್ತು. ಬಿಡಿಯಾಗಿ ಮಾರಿಕೊಂಡರೆ ಅಪರಾಧ. ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತರೆ ಮಾವ ಕಿಟಕಿಯ ಕಡೆ ತಿರುಗಿ ನಿದ್ದೆ ನಟಿಸುತ್ತಿದ್ದರಂತೆ. ಬೀಜಕ್ಕೆ ವಾಸನೆಯಿಲ್ಲದ್ದು ಅವರ ಪುಣ್ಯ. ಹುರಿಯುವವರೆಗೆ ಕಾಫಿ ತಾನು ಕಾಫಿ ಎಂದು ಹೇಳುವುದಿಲ್ಲ.

ಟ್ರಂಕಿನಲ್ಲಿ ಬರುತ್ತಿದ್ದುದು ಯಾವ ಬೀಜ? ಕ್ಯೂರಿಂಗ್ ವರ್ಕ್ಸಿನಲ್ಲಿ ಹೆಂಗಸರು ಸಾಲಾಗಿ ಕೂತು ಬೀಜ ಆರಿಸುತ್ತಾರೆ. ದಪ್ಪ, ಸಮ, ಚಪ್ಪಟೆ ಬೀಜ ಪ್ಲಾಂಟೇಶನ್ ಎ. ಒಂದೇ ಕಾಳಿನ ದುಂಡನೆಯದು ಪೀಬೆರಿ. ಕೊನೆಗೆ ಉಳಿಯುವ ಕರಿಯದು, ಕಂದಿದ್ದು, ಮುರಿದದ್ದು ಸೇರಿ ಬಿಬಿಬಿ. ಬ್ಲ್ಯಾಕ್, ಬ್ರೌನ್, ಬಿಟ್ಸ್. ಒಳ್ಳೆಯದು ಹೊರದೇಶಕ್ಕೆ ಹೋಗಿ ಡಾಲರು ತರಬೇಕು, ದೇಶಕ್ಕೆ ಅದರ ಗರಜಿತ್ತು. ಮಾವನ ಟ್ರಂಕಿನಲ್ಲಿರುತ್ತಿದ್ದುದು ಬಹುಮಟ್ಟಿಗೆ ತೋಟದಲ್ಲೇ ಉಳಿಯುತ್ತಿದ್ದ ಮುರುಕು. ನಾವು ‘ತೋಟದ ಕಾಫಿ’ ಎಂದು ನೆರೆಯವರ ಮುಂದೆ ಜಂಬಪಡುತ್ತಿದ್ದುದು ಅದರ ಮೇಲೆ. ಮನೆಯೊಳಗೆ ಅಮ್ಮನ ಪಾಲಿಗೆ ಏನು ಬರುತ್ತಿತ್ತೋ ಲೋಕದ ಪಂಕ್ತಿಯಲ್ಲಿ ನಮ್ಮೂರಿಗೆಲ್ಲ ಅದೇ ಬರುತ್ತಿತ್ತು. ಮೊದಲ ಡಿಕಾಕ್ಷನ್ ಹಡಗು ಹತ್ತಿ ಹೋಗಿ ಆಗಿರುತ್ತಿತ್ತು.

ತೊಂಬತ್ತರ ದಶಕದಲ್ಲಿ ಪೂಲು ಸಡಿಲವಾಯಿತು. 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ತನಗೆ ಬೇಕಾದವರಿಗೆ ಮಾರಬಹುದಾಯಿತು. ಅದೇ ವರ್ಷ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆಯಿತು. ಚಿಕ್ಕಮಗಳೂರಿನ ಪ್ಲಾಂಟರೊಬ್ಬರು ತಮ್ಮ ಕಡೆಯ ಕಾಫಿಯನ್ನು ಬೆಂಗಳೂರಿನ ಹುಡುಗರಿಗೆ ಕಪ್ಪಿನಲ್ಲಿ ಮಾರಬಹುದು ಎಂದದ್ದು ಆಗಿನ ಮಟ್ಟಿಗೆ ದೊಡ್ಡ ಮಾತು. ಈಗಿನ ಸ್ಥಿತಿ ಏನೆಂದರೆ, ದುಡ್ಡಿದ್ದವನಿಗೆ ಮೊದಲ ಡಿಕಾಕ್ಷನ್ ಇಲ್ಲೇ ಸಿಗುತ್ತದೆ. ನನ್ನ ತಂಗಿಯ ಮಗ ಮಲ್ಲೇಶ್ವರದಲ್ಲಿದ್ದಾನೆ. ಅವನ ಬೀಜದ ಪೊಟ್ಟಣದ ಮೇಲೆ ತೋಟದ ಹೆಸರು, ಎಷ್ಟು ಎತ್ತರದ್ದು, ತಳಿ 795, ಹುರಿದ ತಾರೀಖು, ಎಲ್ಲ ಮುದ್ರಿಸಿರುತ್ತದೆ. ಆ 795 ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಹಳೆಯ ತಳಿ, ನನ್ನ ಮಾವನ ಎಸ್ಟೇಟಿನ ತುಂಬ ಇದ್ದದ್ದೂ ಅದೇ. ಮಾವ ಅದರ ಒಳ್ಳೆಯ ಬೀಜವನ್ನು ಲೆಕ್ಕದ ಪುಸ್ತಕದಲ್ಲಿ ಬರೆದರು. ಕುಡಿಯುತ್ತಿರುವವನು ಇವನು. ಹಾಲಿಲ್ಲ, ಸಕ್ಕರೆಯಿಲ್ಲ, ಕಾಗದದ ಶೋಧಕದಲ್ಲಿ ತಕ್ಕಡಿಯಿಟ್ಟು ತೂಗಿ ನೀರು ಹೊಯ್ಯುತ್ತಾನೆ. ಮೊದಲ ಸಲ ಕೊಟ್ಟಾಗ ಮುಖ ಸಿಂಡರಿಸಿದೆ, ಹುಳಿ ಹುಳಿ. ಎರಡನೇ ಸಲ ಕಿತ್ತಳೆ ಸಿಪ್ಪೆಯಂಥದೇನೋ ನಾಲಗೆಗೆ ಸಿಕ್ಕಿತು. ಕಾಫಿ ಒಂದು ಹಣ್ಣಿನ ಬೀಜ ಎನ್ನುವುದು ನಾಲಗೆಗೆ ಗೊತ್ತಾದದ್ದು ಅಷ್ಟು ವಯಸ್ಸಾದಮೇಲೆ. ಒಪ್ಪಿಕೊಳ್ಳಬೇಕು, ಅಮ್ಮನ ಫಿಲ್ಟರಿನಿಂದ ಇಳಿದದ್ದಕ್ಕಿಂತ ಇದು ಒಳ್ಳೆಯ ಕಾಫಿ. ಆದರೂ ನನಗೆ ದಿನಾ ಬೇಕಾದದ್ದು ಚಿಕೋರಿ ಬೆರೆತ ಅದೇ ಕಂದು ಕಾಫಿ. ಅಭ್ಯಾಸಕ್ಕೆ ಗುಣದ ಸರ್ಟಿಫಿಕೇಟು ಬೇಕಾಗಿಲ್ಲ.

ಕೆಟ್ಟದ್ದೂ ಆಗಿದೆ. ದರ್ಶಿನಿಗಳಲ್ಲಿ ಬೆಳಗ್ಗೆ ಐದಕ್ಕೆ ಇಳಿಸಿದ ಡಿಕಾಕ್ಷನ್ ಬಿಸಿನೀರಿನ ತೊಟ್ಟಿಯಲ್ಲಿ ಕೂತು ಹನ್ನೊಂದಕ್ಕೆ ಹುಳಿಗಟ್ಟುತ್ತದೆ. ಸಕ್ಕರೆ ಮೊದಲೇ ಸುರಿದಿರುತ್ತಾರೆ, ಬೇಡ ಎನ್ನುವ ಹಕ್ಕು ಗಿರಾಕಿಗಿಲ್ಲ. ಕಾಗದದ ಲೋಟದಲ್ಲಿ ಕಾಫಿ ಆರುವ ಮೊದಲು ಲೋಟ ಮೆತ್ತಗಾಗುತ್ತದೆ. ಬೈ ಟೂ ಕೇಳಿದರೆ ಎರಡು ಕಾಗದದ ಲೋಟಕ್ಕೆ ಗುಬ್ಬಿ ಕುಡಿಯುವಷ್ಟು. ಬೆಲೆಯ ಮಾತಂತೂ ಬೇಡ. ಬ್ರೆಜಿಲ್, ವಿಯೆಟ್ನಾಮುಗಳಲ್ಲಿ ಮಳೆ ಕೈಕೊಟ್ಟು 2024ರಲ್ಲಿ ರೋಬಸ್ಟಾ ಕೂಡ ಎಂದೂ ಕಾಣದ ದರ ಕಂಡಿತು. ಅರೇಬಿಕಾ ಕೊಳ್ಳಲಾರದವನ ಗತಿ ಎನಿಸಿಕೊಂಡಿದ್ದ ಬೀಜ ಅರೇಬಿಕಾದ ಹೆಗಲಿಗೆ ಹೆಗಲು ಕೊಟ್ಟು ನಿಂತಿತು. ಪುಡಿ ಅಂಗಡಿಯಲ್ಲಿ ‘ಎಂಬತ್ತು-ಇಪ್ಪತ್ತು’ ಕೇಳುತ್ತಿದ್ದವರು ‘ಅರವತ್ತು-ನಲವತ್ತು’ ಕಟ್ಟಿಸಿಕೊಂಡು ಹೋಗುವುದನ್ನು ಕಂಡಿದ್ದೇನೆ. ತಿಂಗಳ ಕೊನೆಯ ವಾರ ಮತ್ತೆ ಬಂದಿದೆ ಅಂದುಕೊಂಡೆ. ಬೆಳೆಗಾರನಿಗೆ ಅದರಿಂದ ನಾಲ್ಕು ಕಾಸು ಬಂತು, ಆ ಮಟ್ಟಿಗೆ ನಾನು ತಕರಾರು ಎತ್ತುವುದಿಲ್ಲ. ಆದರೂ ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ದೊಡ್ಡ ಪಾಲು ಈಗಲೂ ಹೊರಗೇ ಹೋಗುತ್ತದೆ, ಇಟಲಿ ದೊಡ್ಡ ಗಿರಾಕಿ.

ಮಾವನ ಎಸ್ಟೇಟಿನ ಕಡೆ ಹೋದ ವರ್ಷ ಹೋಗಿದ್ದೆ. ಲೈನುಮನೆಗಳಲ್ಲಿ ಹಿಂದೆ ಬೆಳಗಿನ ಜಾವ ಬೆಲ್ಲದ ಕಾಫಿಯ ಹೊಗೆ ಏಳುತ್ತಿತ್ತು. ಈಗ ಹಣ್ಣು ಕೊಯ್ಯುವವರಲ್ಲಿ ಬಹಳಷ್ಟು ಮಂದಿ ಅಸ್ಸಾಮಿನವರು. ಅವರ ಒಲೆಯ ಮೇಲೆ ಚಹಾ. ತೋಟದ ಈಗಿನ ರೈಟರು ಹೇಳಿದರು, ‘ಕಾಫಿ ಪುಡಿ ಕೊಟ್ರೂ ತಗೊಳ್ಳಲ್ಲ ಸಾರ್, ಚಾ ಪುಡೀನೇ ತರಿಸಿಕೊಡಿ ಅಂತಾರೆ.’

ಅಮ್ಮನಿಗೆ ಎಂಬತ್ತು ದಾಟಿದೆ. ಕುಡಿಯುವುದು ಇನ್‌ಸ್ಟಂಟ್. ಸ್ಯಾಷೆ ಹರಿದು ಬಿಸಿಹಾಲಿಗೆ ಸುರಿದು ಕದಡಿ, ಟಿವಿ ಮುಂದೆ ಕೂತು ಎಲ್ಲರಿಗಿಂತ ಮೊದಲು ಕುಡಿಯುತ್ತಾಳೆ. ಫಿಲ್ಟರ್ ಹಾಕಿಕೊಡಲೇ ಎಂದು ನಾನು ಕೇಳಿದರೆ, ‘ನಿಂಗೆ ಬೇಕಾದ್ರೆ ಹಾಕ್ಕೋ. ಚರಟ ಸಿಂಕಿಗೆ ಸುರೀಬೇಡ, ಪೈಪು ಕಟ್ಕೊಳುತ್ತೆ’ ಎನ್ನುತ್ತಾಳೆ. ಪೈಪು ಕಟ್ಟಿಕೊಂಡದ್ದು ನಿಜ, ಕಳೆದ ತಿಂಗಳು ಪ್ಲಂಬರ್ ಬಂದು ಹೋದ. ಅವನಿಗೂ ಕಾಫಿ ಮಾಡಿಕೊಟ್ಟಳು. ಅದೂ ಇನ್‌ಸ್ಟಂಟೇ, ನಾವು ಕುಡಿಯುವ ಲೋಟದಲ್ಲೇ.